ಹೆಸರು ಮಾರುವ ಊರು

ಡೆಟ್ರಾಯಿಟ್ ನಗರದಿಂದ ಪಶ್ಚಿಮಕ್ಕೆ ಸುಮಾರು 40 ಮೈಲಿ ಸಾಗಿದರೆ ಹ್ಯೂರಾನ್ ನದಿಯ ದಂಡೆಯಲ್ಲಿ ಆನ್ ಆರ್ಬರ್ ಎಂಬ ಊರು ಸಿಗುತ್ತದೆ. ಮೋಟಾರು ಕಾರ್ಖಾನೆಗಳ ಸೀಮೆ ಹಿಂದಾಗಿ ಓಕ್ ಮರಗಳ ನೆರಳು ಎದುರಾದಾಗ ಪ್ರವಾಸಿಯ ಮನಸ್ಸು ಹಗುರಾಗುತ್ತದೆ. 1824ರಲ್ಲಿ ಜಾನ್ ಆಲೆನ್, ಎಲೈಷಾ ರಮ್ಸಿ ಎಂಬ ಇಬ್ಬರು ಸರಕಾರದಿಂದ ನೆಲ ಕೊಂಡು ಇಲ್ಲಿ ಊರು ಕಟ್ಟಿದರು. ಇಬ್ಬರ ಮಡದಿಯರ ಹೆಸರೂ ಆನ್. ಮರಗಳ ತಂಪಾದ ಚಪ್ಪರಕ್ಕೆ ಇಂಗ್ಲಿಷಿನಲ್ಲಿರುವ 'ಆರ್ಬರ್' ಎಂಬ ಮಾತು ಅದಕ್ಕೆ ಸೇರಿ ಊರಿಗೆ ಈ ಹೆಸರಾಯಿತೆಂದು ಹೇಳಿಕೆ. ಮಡದಿಯ ಹೆಸರನ್ನಿಟ್ಟು ನಿವೇಶನಗಳನ್ನು ಮಾರಿದ ಆ ಜಾಣರು, ಹೆಸರಿಗೂ ಹಣಕ್ಕೂ ಇರುವ ನಂಟನ್ನು ಅರಿತವರೇ ಇದ್ದಿರಬೇಕು.

1837ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯವು ಡೆಟ್ರಾಯಿಟಿನಿಂದ ಇಲ್ಲಿಗೆ ಬಂದ ಮೇಲೆ ಊರಿನ ಹಣೆಬರಹವೇ ಬದಲಾಯಿತು. 2020ರ ಗಣತಿಯಲ್ಲಿ ಊರಿನ ಜನಸಂಖ್ಯೆ 1,23,851. ವಿಶ್ವವಿದ್ಯಾಲಯ ಎಲ್ಲಿ ಮುಗಿಯಿತು, ಊರು ಎಲ್ಲಿ ತೊಡಗಿತು ಎಂಬುದನ್ನು ಹೊಸಬರು ಗುರುತಿಸಲಾರರು. ಪುಸ್ತಕದಂಗಡಿಯ ಪಕ್ಕದಲ್ಲಿ ಪ್ರಯೋಗಶಾಲೆ, ಅದರ ಪಕ್ಕದಲ್ಲಿ ಕಾಫಿಯ ಅಂಗಡಿ. ಪೋಲಿಯೋ ಲಸಿಕೆ ಫಲಕಾರಿಯೆಂಬ ಶುಭವಾರ್ತೆಯನ್ನು 1955ರ ಏಪ್ರಿಲ್ 12ರಂದು ಜಗತ್ತು ಮೊದಲು ಕೇಳಿದ್ದು ಇಲ್ಲಿಯ ರ‍್ಯಾಕಮ್ ಸಭಾಂಗಣದಿಂದ. 1960ರ ಅಕ್ಟೋಬರ್ 14ರ ರಾತ್ರಿ ಎರಡು ಗಂಟೆಯ ಹೊತ್ತಿನಲ್ಲಿ ಜಾನ್ ಕೆನೆಡಿಯವರು ಮಿಷಿಗನ್ ಯೂನಿಯನ್ನಿನ ಮೆಟ್ಟಿಲ ಮೇಲೆ ನಿಂತು, ದೂರದೇಶಗಳಿಗೆ ಹೋಗಿ ದುಡಿಯಲು ಸಿದ್ಧರಿದ್ದೀರಾ ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಮುಂದೆ ಮೈಸೂರು ರಾಜ್ಯದ ಹಳ್ಳಿಗಳಿಗೂ ಬಂದ 'ಪೀಸ್ ಕೋರ್' ತರುಣರ ಕಥೆಗೆ ಆ ಮೆಟ್ಟಿಲುಗಳೇ ಪೀಠಿಕೆ.

ಇಂತಹ ಊರಿಗೆ ಸರಸ್ವತಿಯ ಕ್ಷೇತ್ರವೆಂದು ಹೆಸರಿದ್ದರೆ ಒಪ್ಪುತ್ತಿತ್ತು. ಅಮೆರಿಕದ ಸಾಮಾನ್ಯ ಜನಕ್ಕೆ ಆನ್ ಆರ್ಬರ್ ಎಂದೊಡನೆ ನೆನಪಾಗುವುದು ಮಾತ್ರ ಬೇರೆ. ಅದನ್ನು ಕಾಣಬೇಕಾದರೆ ಶರತ್ಕಾಲದ ಶನಿವಾರವೊಂದರಲ್ಲಿ ಇಲ್ಲಿಗೆ ಬರಬೇಕು.

ಅಂದು ಬೆಳಕು ಹರಿಯುವ ಮೊದಲೇ ಊರು ಎದ್ದಿರುತ್ತದೆ. ಮೇನ್ ಸ್ಟ್ರೀಟಿನ ದಕ್ಷಿಣದ ತುದಿಯ ಕಡೆಗೆ ಮೋಟಾರುಗಳ ಸಾಲು ಹೊರಡುತ್ತದೆ. ಮೆಕ್ಕೆಜೋಳದ ಹಳದಿ, ಕಡುನೀಲಿ — ಈ ಎರಡು ಬಣ್ಣಗಳಲ್ಲದೆ ಬೇರೆ ಬಣ್ಣದ ಬಟ್ಟೆ ತೊಟ್ಟವನು ಆ ದಿನ ಎದುರಾಳಿಯ ಕಡೆಯವನೇ. ಅಜ್ಜಂದಿರ ಟೋಪಿ ನೀಲಿ, ಎಳೆಗೂಸಿನ ಕುಲಾವಿ ಹಳದಿ. ಕ್ರೀಡಾಂಗಣದ ಸುತ್ತಲಿನ ಮನೆಗಳವರು ತಮ್ಮ ಮುಂದಿನ ಹುಲ್ಲುಹಾಸನ್ನು ಮೋಟಾರು ನಿಲ್ಲಿಸಲು ಬಾಡಿಗೆಗೆ ಬಿಡುತ್ತಾರೆ. ಎದುರಿನ ಪಯನೀಯರ್ ಹೈಸ್ಕೂಲಿನ ಬಯಲು ಬಾಡಿಗೆಗೆ ಹೋಗುತ್ತದೆ. ವಿಶ್ವವಿದ್ಯಾಲಯದ ಗಾಲ್ಫ್ ಮೈದಾನವೇ ಆ ದಿನದ ಮಟ್ಟಿಗೆ ಗಾಡಿಗಳ ತಾಣ. ಗಾಡಿಯ ಹಿಂಬಾಗಿಲು ತೆರೆದು, ಒಲೆ ಹೂಡಿ, ಮಾಂಸ ಸುಟ್ಟು ತಿನ್ನುವ ಸಂಸಾರಗಳನ್ನು ಕಂಡರೆ, ಎತ್ತಿನ ಗಾಡಿ ಕಟ್ಟಿಕೊಂಡು ಬಂದು ಮರದಡಿಯಲ್ಲಿ ಒಲೆ ಹಚ್ಚುವ ನಮ್ಮ ಜಾತ್ರೆಯ ಜನರೇ ಕಣ್ಣಿಗೆ ಕಟ್ಟುತ್ತಾರೆ. ತೇರಿನ ಹೊತ್ತಿಗೆ ಎಲ್ಲರೂ ಎದ್ದು ಒಂದೇ ದಿಕ್ಕಿಗೆ ನಡೆಯುವುದೂ ಹಾಗೆಯೇ.

ಮಿಷಿಗನ್ ಕ್ರೀಡಾಂಗಣ ಹೊರಗಿನಿಂದ ನೋಡುವವನಿಗೆ ಮೊದಲು ನಿರಾಸೆಯನ್ನೇ ಉಂಟುಮಾಡಬಹುದು. ಅದರ ಬಹುಭಾಗ ನೆಲದೊಳಗಿದೆ. ಬಾಗಿಲು ದಾಟಿ ಮೇಲಂಚಿನಲ್ಲಿ ನಿಂತಾಗ ಕಾಲ ಕೆಳಗೆ ಒಂದು ಮಹಾ ಬೋಗುಣಿ ತೆರೆದುಕೊಳ್ಳುತ್ತದೆ. ಕೂರಬಲ್ಲವರ ಅಧಿಕೃತ ಸಂಖ್ಯೆ 1,07,601. ಎಂದರೆ ಊರಿಗೆ ಊರೇ ಬಂದು ಕುಳಿತರೂ ಹೊರಗುಳಿಯುವವರು ಸ್ವಲ್ಪವೇ. ಕೊನೆಯ ಆ 'ಒಂದು' ಆಸನ ತರಬೇತುದಾರ ಫ್ರಿಟ್ಜ್ ಕ್ರಿಸ್ಲರನ ಗೌರವಕ್ಕಾಗಿ ಮೀಸಲು. ಅದು ಎಲ್ಲಿದೆಯೆಂದು ಹೊರಗೆಡಹಿಲ್ಲ. 1975ರ ನವೆಂಬರಿನಿಂದ ಈಚೆಗೆ, ಕೊರೋನಾ ಕಾಲದ 2020ರ ಪಂದ್ಯಗಳನ್ನು ಬಿಟ್ಟರೆ, ಇಲ್ಲಿ ನಡೆದ ಪ್ರತಿ ಪಂದ್ಯಕ್ಕೂ ಒಂದು ಲಕ್ಷ ಮೀರಿ ಜನ ಸೇರಿದ್ದಾರೆ. 2013ರ ಸೆಪ್ಟೆಂಬರ್ 7ರ ಸಂಜೆ ನೋಟರ್ ಡೇಮ್ ವಿಶ್ವವಿದ್ಯಾಲಯದ ಎದುರಿನ ಪಂದ್ಯಕ್ಕೆ ಬಂದವರು 1,15,109 ಮಂದಿ.

ಆಟದ ಹೆಸರು ಫುಟ್‌ಬಾಲ್. ಆದರೆ ಚೆಂಡಿಗೆ ಕಾಲು ತಗಲುವುದು ಅಪರೂಪ. ಚೆಂಡು ದುಂಡಗೂ ಇಲ್ಲ. ಇದನ್ನು ಕುರಿತು ಅಮೆರಿಕದವರೊಡನೆ ವಾದಕ್ಕೆ ನಿಲ್ಲುವುದು ವ್ಯರ್ಥ. ಹೊರಗಿನವನಿಗೆ ಹೆಚ್ಚು ಬೆರಗು ತರುವ ಸಂಗತಿ ಇನ್ನೊಂದು: ಆಡುವವರು ಸಂಬಳದ ಆಟಗಾರರಲ್ಲ, ಕಾಲೇಜಿನ ಹುಡುಗರು. ಕನ್ನಡ ನಾಡಿನಲ್ಲಿ ಅಂತರ ಕಾಲೇಜು ಪಂದ್ಯವೆಂದರೆ ಅಂಕಣದ ಅಂಚಿನಲ್ಲಿ ನಿಂತ ಸಹಪಾಠಿಗಳು, ಒಂದಿಬ್ಬರು ಅಧ್ಯಾಪಕರು, ಮಧ್ಯಾಹ್ನಕ್ಕೆ ನಿಂಬೆಯ ಪಾನಕ. ಗೆದ್ದವರಿಗೆ ಬೆಳ್ಳಿಯ ಬಣ್ಣದ ಬಟ್ಟಲು, ನೋಟೀಸು ಹಲಗೆಯ ಮೇಲೆ ಹೆಸರು. ಅಲ್ಲಿ ಹಣದ ಪ್ರಶ್ನೆ ಏಳುವುದಿಲ್ಲ, ಏಕೆಂದರೆ ಅಲ್ಲಿ ಹಣವಿಲ್ಲ. ಆನ್ ಆರ್ಬರಿನಲ್ಲಿ ಹಣ ಹರಿಯುತ್ತದೆ. ಟಿಕೆಟಿನವನಿಗೆ, ಅಂಗಿಯಂಗಡಿಗೆ, ಹೋಟೆಲಿಗೆ, ಬಿಯರಿನ ಕಟ್ಟೆಗೆ, ಹುಲ್ಲುಹಾಸಿನ ಒಡೆಯನಿಗೆ ಎಲ್ಲರಿಗೂ ಶನಿವಾರದಂದು ಪಾಲುಂಟು. ಮಿಷಿಗನ್ ಸೇರಿರುವ 'ಬಿಗ್ ಟೆನ್' ಒಕ್ಕೂಟವು 2022ರಲ್ಲಿ ಮೂರು ದೂರದರ್ಶನ ಸಂಸ್ಥೆಗಳೊಡನೆ ಏಳು ವರ್ಷಗಳ ಒಪ್ಪಂದ ಮಾಡಿಕೊಂಡಾಗ ಪತ್ರಿಕೆಗಳು ಹೇಳಿದ ಮೊತ್ತ 700 ಕೋಟಿ ಡಾಲರಿಗೂ ಹೆಚ್ಚು. 2023ರಲ್ಲಿ ತಂಡದ ತರಬೇತುದಾರನಾಗಿದ್ದ ಜಿಮ್ ಹಾರ್ಬಾ ಅವರ ಸಂಬಳ 80 ಲಕ್ಷ ಡಾಲರಿನ ಆಸುಪಾಸು. ಆಟಗಾರನಿಗೂ ಪಾಲು ಕೊಡಿರೆಂದು ಬಾಯಿ ಬಿಟ್ಟು ಹೇಳಿದ ತರಬೇತುದಾರರಲ್ಲಿ ಅವರೂ ಒಬ್ಬರೆಂಬುದನ್ನು ಮರೆಯಬಾರದು.

2021ರ ಜುಲೈ 1ರ ತನಕ, ಮೈಮುರಿದು ಆಡುವ ಹುಡುಗನೊಬ್ಬನು ಊರಿನ ಹೋಟೆಲಿನ ಜಾಹೀರಾತಿಗೆ ತನ್ನ ಭಾವಚಿತ್ರ ಕೊಟ್ಟು ನೂರು ಡಾಲರು ಪಡೆದಿದ್ದರೂ ಅದು ಅಪರಾಧ. ಆಟದಿಂದಲೇ ಹೊರಗಾಗುವ ಅಪರಾಧ.

ಇಂತಹ ಕಟ್ಟಳೆ ಎಲ್ಲಿಂದ ಬಂತು? ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊತ್ತಮೊದಲ ಸ್ಪರ್ಧೆ 1852ರ ಹಾರ್ವರ್ಡ್–ಯೇಲ್ ದೋಣಿ ಪಂದ್ಯ. ನ್ಯೂ ಹ್ಯಾಂಪ್‌ಷೈರಿನ ಸರೋವರವೊಂದರಲ್ಲಿ ನಡೆದ ಆ ಪಂದ್ಯದ ಖರ್ಚನ್ನೆಲ್ಲ ವಹಿಸಿದ್ದು ಒಂದು ರೈಲ್ವೆ ಕಂಪೆನಿ. ಪ್ರಯಾಣಿಕರನ್ನು ತನ್ನ ರೈಲಿಗೆ ಸೆಳೆಯುವುದು ಅದರ ಉದ್ದೇಶ. ಕಾಲೇಜು ಕ್ರೀಡೆ ಹುಟ್ಟಿದ್ದೇ ಜಾಹೀರಾತಿನ ತೊಟ್ಟಿಲಲ್ಲಿ! ಹಣಕ್ಕಾಗಿ ಆಡುವುದು ಹೀನವೆಂಬ ಭಾವನೆ ಇಂಗ್ಲೆಂಡಿನ ಸಿರಿವಂತರ ಮನೆಗಳಿಂದ ಬಂದ ಸರಕು. ಕೂಲಿ ಮಾಡಿ ಉಣ್ಣುವವನು ತಮ್ಮೊಡನೆ ದೋಣಿ ಹುಟ್ಟು ಹಾಕಬಾರದೆಂದು ಅವರು ಕಟ್ಟಿದ ಬೇಲಿಗೆ 'ಹವ್ಯಾಸ' ಎಂಬ ಚಂದದ ಹೆಸರು. 1905ರಲ್ಲಿ ಫುಟ್‌ಬಾಲಿನಲ್ಲಿ ಸಾವುಗಳು ಹೆಚ್ಚಿದ್ದರಿಂದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟರು ಕಾಲೇಜುಗಳ ಮುಖಂಡರನ್ನು ಶ್ವೇತಭವನಕ್ಕೆ ಕರೆಸಿದರು. ಮರುವರ್ಷ ಕಾಲೇಜುಗಳ ರಾಷ್ಟ್ರೀಯ ಕ್ರೀಡಾ ಸಂಘ ಹುಟ್ಟಿತು. ಆಟಗಾರನ ಜೀವ ಉಳಿಸಲೆಂದು ಹುಟ್ಟಿದ ಸಂಘ ಕಾಲಕ್ರಮದಲ್ಲಿ ಅವನ ಜೇಬು ಕಾಯುವ ಕೆಲಸವನ್ನೂ ವಹಿಸಿಕೊಂಡಿತು.

ಹಣದ ಬಗೆಗೆ ಆನ್ ಆರ್ಬರಿನ ಹಿರಿಯರು ಎಂದೂ ಮುಜುಗರ ಪಟ್ಟವರಲ್ಲ. 1901ರಲ್ಲಿ ತರಬೇತುದಾರನಾಗಿ ಬಂದ ಫೀಲ್ಡಿಂಗ್ ಯೋಸ್ಟ್ ಮುಂದೆ ಕ್ರೀಡಾ ನಿರ್ದೇಶಕನಾಗಿ, ಈ ಕ್ರೀಡಾಂಗಣಕ್ಕೆ 500 ಡಾಲರಿನ 3,000 ಸಾಲಪತ್ರಗಳನ್ನು ಮಾರಿ ಬಂಡವಾಳ ಕೂಡಿಸಿದ. ತಗ್ಗಿನ ನೆಲ, ಎಲ್ಲಿ ಅಗೆದರೂ ನೀರು. ಕಟ್ಟುವಾಗ ಕ್ರೇನ್ ಒಂದು ಕೆಸರಿನಲ್ಲಿ ಹುದುಗಿ ಹೋಗಿ ಇಂದಿಗೂ ಅಂಕಣದ ಕೆಳಗಿದೆಯೆಂಬ ಐತಿಹ್ಯ ಊರಿನಲ್ಲಿ ಉಂಟು. 1927ರ ಅಕ್ಟೋಬರ್ 1ರಂದು ಮೊದಲ ಪಂದ್ಯ ನಡೆಯಿತು. ಯೋಸ್ಟನ ಹೆಸರು ಇಂದಿಗೂ ಒಂದು ಕಟ್ಟಡದ ಮೇಲಿದೆ, ಕ್ರಿಸ್ಲರನ ಹೆಸರು ಇನ್ನೊಂದರ ಮೇಲೆ. ಊರ ನಡುವಣ ಬರ್ಟನ್ ಗೋಪುರದಲ್ಲಿ ಗಂಟೆಗೊಮ್ಮೆ ಇಂಪಾಗಿ ನುಡಿಯುವ 53 ಗಂಟೆಗಳನ್ನು ಕೊಟ್ಟವನೂ ಇಲ್ಲಿಯ ಮೊದಲ ಕ್ರೀಡಾ ನಿರ್ದೇಶಕ ಚಾರ್ಲ್ಸ್ ಬೇರ್ಡ್. ಅವುಗಳಿಗೂ ಅವನದೇ ಹೆಸರು. ಆಡಿಸಿದವರ ಹೆಸರು ಹೀಗೆ ಕಲ್ಲಿನಲ್ಲಿ, ಕಂಚಿನಲ್ಲಿ ನಿಂತಿತು.

ಆಡಿದವರ ಪಾಡೇನು? 1932ರಿಂದ 1934ರವರೆಗೆ ಇಲ್ಲಿ ಆಡಿದ ಜೆರಾಲ್ಡ್ ಫೋರ್ಡ್ ಎಂಬ ಹುಡುಗನು ಹೊಟ್ಟೆಗಾಗಿ ಆಸ್ಪತ್ರೆಯ ಊಟದ ಮನೆಯಲ್ಲಿ ಬಡಿಸುತ್ತಿದ್ದ, ವಿದ್ಯಾರ್ಥಿಗಳ ವಸತಿಯಲ್ಲಿ ಪಾತ್ರೆ ತೊಳೆಯುತ್ತಿದ್ದ. ಅವನ ಗೆಳೆಯ ವಿಲ್ಲಿಸ್ ವಾರ್ಡ್ ಕಪ್ಪು ಜನಾಂಗದವನು. 1934ರಲ್ಲಿ ಜಾರ್ಜಿಯಾ ಟೆಕ್ ತಂಡದವರು ಕಪ್ಪು ಆಟಗಾರನಿದ್ದರೆ ಆಡುವುದಿಲ್ಲವೆಂದಾಗ, ಇಲ್ಲಿಯವರು ಅವನನ್ನು ಹೊರಗೆ ಕೂರಿಸಿ ಪಂದ್ಯ ನಡೆಸಿದರು. ಟಿಕೆಟು ಮಾರಿದ್ದಾಗಿತ್ತಲ್ಲ! ಫೋರ್ಡ್ ಮುಂದೆ ಅಮೆರಿಕದ ಅಧ್ಯಕ್ಷನಾದ. ಎಲ್ಲ ಪಾತ್ರೆ ತೊಳೆಯುವ ಹುಡುಗರಿಗೂ ಆ ಯೋಗವಿರುವುದಿಲ್ಲ.

ಆಟಕ್ಕಾಗಿ ಪೂರ್ಣ ವಿದ್ಯಾರ್ಥಿವೇತನ ಕೊಡಬಹುದೆಂದು ಸಂಘ ಒಪ್ಪಿದ್ದು 1956ರಲ್ಲಿ. ಅದೇ ಕಾಲಕ್ಕೆ ಒಂದು ಜೋಡುಪದವೂ ಚಲಾವಣೆಗೆ ಬಂತು: 'ವಿದ್ಯಾರ್ಥಿ-ಕ್ರೀಡಾಪಟು'. ಕೇಳುವುದಕ್ಕೆ ಇಂಪಾದ ಈ ಮಾತಿನ ಹಿಂದೆ ಒಂದು ಸಾವಿದೆ. 1955ರಲ್ಲಿ ಕೊಲೊರಾಡೋದ ಚಿಕ್ಕ ಕಾಲೇಜೊಂದರ ಪರವಾಗಿ ಆಡುತ್ತಿದ್ದ ರೇ ಡೆನಿಸನ್ ತಲೆಗೆ ಪೆಟ್ಟು ಬಿದ್ದು ಸತ್ತ. ಕೆಲಸಗಾರ ಸತ್ತರೆ ಸಲ್ಲುವ ಪರಿಹಾರವನ್ನು ಅವನ ಹೆಂಡತಿ ಕೇಳಿದಳು. ಆಟಗಾರ ಕೆಲಸಗಾರನಲ್ಲವೆಂದು 1957ರಲ್ಲಿ ಆ ರಾಜ್ಯದ ಉಚ್ಚ ನ್ಯಾಯಪೀಠ ತೀರ್ಪಿತ್ತಿತು. ಇಂತಹ ಬೇಡಿಕೆಗಳಿಗೆ ಕೊಡಬೇಕಾದ ಉತ್ತರವಾಗಿಯೇ ಆ ಪದವನ್ನು ರೂಢಿಗೆ ತಂದೆವೆಂದು, ಸಂಘದ ಮುಖ್ಯಾಧಿಕಾರಿಯಾಗಿ 1951ರಿಂದ 1987ರವರೆಗೆ ಆಳಿದ ವಾಲ್ಟರ್ ಬೈಯರ್ಸ್ ತಮ್ಮ 1995ರ ಪುಸ್ತಕದಲ್ಲಿ ತಾವೇ ಬರೆದರು. ತಾವು ಕಟ್ಟಿದ ಕಟ್ಟಡವನ್ನು ತಾವೇ ದೂರಿದ ಆ ಮುದುಕರ ಪುಸ್ತಕ ಓದತಕ್ಕದ್ದು.

ಫುಟ್‌ಬಾಲ್ ಕ್ರೀಡಾಂಗಣದ ಪಕ್ಕದಲ್ಲೇ ಬ್ಯಾಸ್ಕೆಟ್‌ಬಾಲಿನ ಕ್ರಿಸ್ಲರ್ ಸಭಾಂಗಣ. ಊರಿನ ಹೆಮ್ಮೆಗೂ ನಾಚಿಕೆಗೂ ಇದೇ ಮನೆ. 1991ರ ಶರತ್ಕಾಲದಲ್ಲಿ ಐವರು ಹೊಸ ಹುಡುಗರು ಇಲ್ಲಿಗೆ ಬಂದರು: ಕ್ರಿಸ್ ವೆಬರ್, ಜೇಲನ್ ರೋಸ್, ಜುವಾನ್ ಹೋವರ್ಡ್, ಜಿಮ್ಮಿ ಕಿಂಗ್, ರೇ ಜ್ಯಾಕ್ಸನ್. ಮೊದಲ ವರ್ಷದ ಹುಡುಗರೇ ತಂಡವೆಲ್ಲ ಆಗಿ, ರಾಷ್ಟ್ರದ ಕಟ್ಟಕಡೆಯ ಪಂದ್ಯದವರೆಗೂ ಏರಿದರು. ಮರುವರ್ಷ ಮತ್ತೊಮ್ಮೆ ಏರಿದರು. ಎರಡು ಸಲವೂ ಸೋತರು. ಆದರೇನು? ಮೊಣಕಾಲು ಮುಟ್ಟುವ ಅವರ ಜೋಲು ಚಡ್ಡಿ, ಕಪ್ಪು ಕಾಲುಚೀಲ ದೇಶದ ಬೀದಿಬೀದಿಗಳಲ್ಲಿ ಕಾಣಿಸಿಕೊಂಡವು. ಮಿಷಿಗನ್ ಎಂಬ ಹೆಸರಿದ್ದ ಅಂಗಿ, ಟೋಪಿ, ಏನೇ ಇದ್ದರೂ ಖರ್ಚಾಗುತ್ತಿತ್ತು.

ಕ್ರೀಡಾ ಲೇಖಕ ಮಿಚ್ ಆಲ್ಬಮ್ ಆ ಐವರನ್ನು ಕುರಿತು 1993ರಲ್ಲಿ ಬರೆದ ಪುಸ್ತಕದಲ್ಲಿ ಒಂದು ಪ್ರಸಂಗ ಬರುತ್ತದೆ. ವೆಬರ್ ಆನ್ ಆರ್ಬರಿನ ಬೀದಿಯಲ್ಲಿ ನಡೆದು ಹೋಗುತ್ತಿದ್ದಾನೆ. ಕೈಯಲ್ಲಿ ಊಟಕ್ಕೆ ಸಾಲುವಷ್ಟು ಕಾಸಿಲ್ಲ. ಅಂಗಡಿಯ ಗಾಜಿನ ಹಿಂದೆ ಅವನದೇ ನಂಬರಿನ ಅಂಗಿ ಮಾರಾಟಕ್ಕೆ ತೂಗುತ್ತಿದೆ. ಈ ಒಂದು ಚಿತ್ರ ಮುಂದಿನ ಮೂವತ್ತು ವರ್ಷದ ವಾದವಿವಾದಗಳಲ್ಲಿ ಎಷ್ಟು ಸಲ ನೆನಪಿಗೆ ಬಂತೋ ಲೆಕ್ಕವಿಲ್ಲ.

ಆದರೆ ಕಥೆಯ ಇನ್ನೊಂದು ಮುಖವನ್ನು ಮುಚ್ಚಿಡುವುದು ತರವಲ್ಲ. ಡೆಟ್ರಾಯಿಟಿನಲ್ಲಿ ಎಡ್ ಮಾರ್ಟಿನ್ ಎಂಬೊಬ್ಬ ಫೋರ್ಡ್ ಕಂಪೆನಿಯ ನಿವೃತ್ತ ಎಲೆಕ್ಟ್ರಿಷಿಯನ್ ಇದ್ದ. ಕಾರ್ಖಾನೆಗಳಲ್ಲಿ ನಮ್ಮ ಮಟ್ಕಾದಂತಹ ಅಂಕಿಯ ಜೂಜು ನಡೆಸಿ ಹಣ ಮಾಡಿದವನು. ಆ ಹಣವನ್ನು ಅವನು ಚೆನ್ನಾಗಿ ಆಡುವ ಹುಡುಗರಿಗೆ ಸಾಲವೆಂದು ಕೊಡುತ್ತಿದ್ದ. ವೆಬರನಿಗೂ, ಅನಂತರದ ಮೂವರು ಮಿಷಿಗನ್ ಆಟಗಾರರಿಗೂ ಒಟ್ಟು 6,16,000 ಡಾಲರು ಸಂದಿತೆಂದು 2002ರ ಆರೋಪಪಟ್ಟಿ ಹೇಳಿತು. ಅದರಲ್ಲಿ ವೆಬರನ ಹೆಸರಿನಲ್ಲಿದ್ದುದು 2,80,000. ಮಾರ್ಟಿನ್ ತಪ್ಪೊಪ್ಪಿಕೊಂಡ, 2003ರಲ್ಲಿ ಶಿಕ್ಷೆ ಗೊತ್ತಾಗುವ ಮೊದಲೇ ತೀರಿಕೊಂಡ. ವೆಬರ್ ಅದೇ ವರ್ಷ ನ್ಯಾಯಾಲಯ ನಿಂದನೆಯ ತಪ್ಪನ್ನು ಒಪ್ಪಿದ. ವಿಶ್ವವಿದ್ಯಾಲಯ 2002ರ ನವೆಂಬರಿನಲ್ಲಿ ತನ್ನ ಗೆಲುವುಗಳನ್ನು ತಾನೇ ಅಳಿಸಿಹಾಕಿ, ಕ್ರಿಸ್ಲರಿನ ಛಾವಣಿಯಿಂದ ಪತಾಕೆಗಳನ್ನು ಇಳಿಸಿತು. ಹಣ ಮುಟ್ಟದಿದ್ದ ಉಳಿದ ನಾಲ್ವರ ಗೆಲುವೂ ಅಳಿಯಿತು. ವೆಬರನೊಡನೆ ವಿಶ್ವವಿದ್ಯಾಲಯ ಹತ್ತು ವರ್ಷ ಯಾವ ಸಂಬಂಧವನ್ನೂ ಇಟ್ಟುಕೊಳ್ಳಬಾರದೆಂದು ಸಂಘ ಆಜ್ಞೆ ಮಾಡಿತು. ಆ ಗಡುವು ಮುಗಿದದ್ದು 2013ರಲ್ಲಿ.

ಜೂಜಿನ ಹಣ ಪಡೆಯುವುದು ಯಾವ ಕಾಲಕ್ಕೂ ಒಪ್ಪುವ ಮಾತಲ್ಲ, ಸುಳ್ಳು ಹೇಳುವುದಂತೂ ಅಲ್ಲವೇ ಅಲ್ಲ. ಆದರೆ ಮುಂಬಾಗಿಲನ್ನು ಭದ್ರವಾಗಿ ಮುಚ್ಚಿದ ಮನೆಗೆ ಹಿತ್ತಲಿನಿಂದ ಯಾರು ಬರುತ್ತಾರೆ ಎಂಬುದನ್ನು ಊಹಿಸಲು ಬಹಳ ಬುದ್ಧಿ ಬೇಕಾಗಿಲ್ಲ. ಅಂಗಿ ಮಾರಿದವನು ನ್ಯಾಯವಾಗಿ ಹತ್ತು ಡಾಲರು ಕೊಡಬಹುದಾಗಿದ್ದರೆ ಮಾರ್ಟಿನ್ನನ ಮನೆಯ ದಾರಿ ಇಷ್ಟು ಸವೆಯುತ್ತಿರಲಿಲ್ಲ.

ಬಾಗಿಲು ತೆರೆದ ಬಗೆಯೂ ವಿಚಿತ್ರ. ಎಡ್ ಓಬ್ಯಾನನ್ ಎಂಬುವನು 1995ರಲ್ಲಿ ಲಾಸ್ ಏಂಜಲ್ಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟವನು. ಎಷ್ಟೋ ವರ್ಷಗಳ ಮೇಲೆ ಗೆಳೆಯನ ಮನೆಯಲ್ಲಿ ಒಂದು ವಿಡಿಯೋ ಆಟದ ಪರದೆಯ ಮೇಲೆ ತನ್ನದೇ ಮೈಕಟ್ಟು, ತನ್ನದೇ ನಂಬರು, ಎಡಗೈಯಲ್ಲಿ ಚೆಂಡೆಸೆಯುವ ತನ್ನದೇ ರೀತಿಯ ಗೊಂಬೆಯನ್ನು ಕಂಡ. ಹೆಸರೊಂದು ಮಾತ್ರ ಇರಲಿಲ್ಲ. 2009ರಲ್ಲಿ ದಾವೆ ಹೂಡಿ, 2014ರಲ್ಲಿ ಗೆದ್ದ. ಆ ಬಗೆಯ ಕಾಲೇಜು ಆಟಗಳು ಅಷ್ಟರಲ್ಲೇ ನಿಂತುಹೋದವು. 2013ರಲ್ಲಿ ಬಂದ ಫುಟ್‌ಬಾಲಿನ ಕೊನೆಯ ಆವೃತ್ತಿಯ ರಕ್ಷಾಪುಟದ ಮೇಲಿದ್ದವನು ಆನ್ ಆರ್ಬರಿನ ಕಣ್ಮಣಿ, ಷೂವಿನ ಲಾಡಿ ಕಟ್ಟದೆ ಓಡುತ್ತಿದ್ದ ಡೆನಾರ್ಡ್ ರಾಬಿನ್ಸನ್. ಕಾಲೇಜು ಬಿಟ್ಟಿದ್ದರಿಂದಲೇ ಅವನ ಮುಖ ಅಲ್ಲಿ ಬರಲು ಸಾಧ್ಯವಾಯಿತು. 2024ರ ಜುಲೈಯಲ್ಲಿ ಆಟ ಮತ್ತೆ ಅಂಗಡಿಗೆ ಬಂದಾಗ ರಕ್ಷಾಪುಟದ ಮೂವರಲ್ಲಿ ಒಬ್ಬನು ಮತ್ತೆ ಮಿಷಿಗನ್ನಿನವನೇ, ಇನ್ನೂ ತಂಡದಲ್ಲಿ ಆಡುತ್ತಿದ್ದ ಡೋನವನ್ ಎಡ್ವರ್ಡ್ಸ್. ಒಳಗೆ ಹೆಸರು ಸಹಿತ ಕಾಣಿಸಿಕೊಂಡ ಸಾವಿರಾರು ಸಾಮಾನ್ಯ ಆಟಗಾರರಿಗೆ ತಲಾ 600 ಡಾಲರು, ಜೊತೆಗೆ ಆಟದ ಒಂದು ಪ್ರತಿ.

ಈ ಎರಡರ ನಡುವಿನ ಹನ್ನೊಂದು ವರ್ಷಗಳಲ್ಲಿ ಕಾನೂನು ತಿರುಗಿತ್ತು. 2019ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಕಾಲೇಜು ಆಟಗಾರನಿಗೆ ತನ್ನ ಹೆಸರಿನಿಂದ ಗಳಿಸುವ ಹಕ್ಕನ್ನು ಕೊಡುವ ಶಾಸನ ಮಾಡಿತು. ಬೇರೆ ರಾಜ್ಯಗಳು ಹಿಂಬಾಲಿಸಿದವು. 2021ರ ಜೂನ್ 21ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿಯೂ ಇನ್ನೊಂದು ಮೊಕದ್ದಮೆಯಲ್ಲಿ ಸಂಘಕ್ಕೆ ವಿರುದ್ಧವಾಗಿ ನುಡಿದರು. ಹತ್ತು ದಿನಗಳೊಳಗೆ ಸಂಘ ಕಟ್ಟಳೆ ಸಡಿಲಿಸಿತು. ನೂರು ವರ್ಷಕ್ಕೂ ಮೇಲೆ ಪವಿತ್ರವೆನಿಸಿದ್ದ ತತ್ತ್ವ ಹತ್ತು ದಿನದಲ್ಲಿ ಕರಗಿತೆಂದರೆ ಅದರ ಗಟ್ಟಿತನ ಎಷ್ಟಿತ್ತೋ!

ಆ ಬೇಸಗೆಯಲ್ಲಿ ಸ್ಟೇಟ್ ಸ್ಟ್ರೀಟಿನ 'ಎಂ ಡೆನ್' ಅಂಗಡಿಯವರು ಆಟಗಾರನ ಹೆಸರು ಹೊತ್ತ ಅಂಗಿಗಳನ್ನು ಮಾರತೊಡಗಿ, ಅಂಗಿಯೊಂದಕ್ಕೆ 10 ಡಾಲರಿಗೆ ಮೇಲ್ಪಟ್ಟು ಅವನಿಗೇ ಕೊಡುವ ಏರ್ಪಾಡು ಮಾಡಿದರು. (ಆ ಅಂಗಡಿ 2024ರಲ್ಲಿ ದಿವಾಳಿಯೆದ್ದು ಮುಚ್ಚಿತು, ಅದಕ್ಕೆ ಕಾರಣ ಹುಡುಗರ ಹತ್ತು ಡಾಲರಲ್ಲ.) ಬ್ಲೇಕ್ ಕೋರಮ್ ಎಂಬ ಆಟಗಾರ ತನ್ನ ಹೆಸರಿನಿಂದ ಬಂದ ಹಣದಲ್ಲಿ ನೂರಾರು ಟರ್ಕಿ ಕೋಳಿಗಳನ್ನು ಕೊಂಡು, ನವೆಂಬರಿನ ಕೃತಜ್ಞತಾ ಹಬ್ಬಕ್ಕೆ ನೆರೆಯ ಇಪ್ಸಿಲ್ಯಾಂಟಿಯ ಬಡವರ ಮನೆಗಳಿಗೆ ಹಂಚಿದ. ಇಪ್ಸಿಲ್ಯಾಂಟಿ ಆನ್ ಆರ್ಬರಿಗೆ ಅಂಟಿಕೊಂಡೇ ಇದ್ದರೂ ಸಿರಿಯಲ್ಲಿ ಬಲು ದೂರದ ಊರು. ಹಣ ಕೈಗೆ ಬಂದರೆ ಹುಡುಗರು ಕೆಡುತ್ತಾರೆಂದು ಗೊಣಗಿದ ಹಿರಿಯರು ಆ ದಿನ ಅಲ್ಲಿಗೆ ಬಂದು ನೋಡಬಹುದಾಗಿತ್ತು. 2024ರ ಜನವರಿ 8ರಂದು ವಾಷಿಂಗ್ಟನ್ ತಂಡವನ್ನು 34–13ರಿಂದ ಸೋಲಿಸಿ ಮಿಷಿಗನ್ ರಾಷ್ಟ್ರವಿಜೇತವಾದಾಗ ಎರಡು ಸಲ ಚೆಂಡನ್ನು ಗೆರೆ ದಾಟಿಸಿದವನು ಅದೇ ಕೋರಮ್. ಕೆಟ್ಟುಹೋದವರ ಆಟದಂತೆ ಅದು ಕಾಣಲಿಲ್ಲ.

ಹೊಸ ಏರ್ಪಾಡಿನ ನಿಜವಾದ ಪ್ರಯೋಜನ ಕಂಡದ್ದು ಬಹುಶಃ ಜಿಮ್ನಾಸ್ಟಿಕ್ಸಿನ ಹುಡುಗಿಯರಿಗೆ. ಮಿಷಿಗನ್ನಿನ ಹುಡುಗಿಯರು 2021ರ ಏಪ್ರಿಲಿನಲ್ಲಿ ಮೊದಲ ಸಲ ರಾಷ್ಟ್ರಪ್ರಶಸ್ತಿ ಗೆದ್ದರು. ಆ ಆಟದಲ್ಲಿ ಕೀರ್ತಿಯ ಆಯುಸ್ಸು ಕೆಲವೇ ವರ್ಷ. ಕಾಲೇಜಿನ ನಂತರ ದುಡಿಯುತ್ತೇನೆಂದರೆ ದುಡಿಸುವ ಕೂಟಗಳಿಲ್ಲ. ಮುಂಚೆ ಅವರು ಓದು, ಹಣ ಎರಡರಲ್ಲಿ ಒಂದನ್ನು ಆರಿಸಬೇಕಾಗಿತ್ತು. ಸಿಮೋನ್ ಬೈಲ್ಸಳಂತಹ ಹುಡುಗಿ 2015ರಲ್ಲಿ ಜಾಹೀರಾತಿನ ಗಳಿಕೆಯನ್ನು ಆರಿಸಿ ಕಾಲೇಜು ತಂಡದ ಆಸೆ ಬಿಟ್ಟಳು. ಸಂಗೀತ ಕಲಿಯುವ ವಿದ್ಯಾರ್ಥಿ ಕಚೇರಿ ಮಾಡಿ ಸಂಭಾವನೆ ಪಡೆದರೆ ಯಾವ ವಿಶ್ವವಿದ್ಯಾಲಯವೂ ಅವನನ್ನು ಹೊರಹಾಕುವುದಿಲ್ಲ. ಜಿಗಿಯುವವಳಿಗೆ ಮಾತ್ರ ಏಕೆ ಈ ಕಟ್ಟು? ಇದಕ್ಕೆ ಸಮರ್ಪಕ ಉತ್ತರವನ್ನು ಸಂಘ ಎಂದೂ ಕೊಡಲಿಲ್ಲ.

ಇಷ್ಟರಿಂದ ಎಲ್ಲವೂ ನೆಟ್ಟಗಾಯಿತೆಂದಲ್ಲ. ಜಾಹೀರಾತೆಂದರೆ ಅಂಗಡಿಯವನು ತನ್ನ ವ್ಯಾಪಾರಕ್ಕಾಗಿ ಕೊಡುವ ಹಣ. ಆದರೆ ಊರೂರುಗಳಲ್ಲಿ ಹಳೆಯ ವಿದ್ಯಾರ್ಥಿಗಳು ಕೂಡಿ ನಿಧಿಗಳನ್ನು ಕಟ್ಟಿ, ಚೆನ್ನಾಗಿ ಆಡುವವನನ್ನು ತಮ್ಮ ಕಾಲೇಜಿಗೆ ಸೆಳೆಯಲು ಸುರಿದ ಹಣಕ್ಕೂ ಇದೇ ಹೆಸರು ಬಂತು. ಆನ್ ಆರ್ಬರಿನಿಂದ ಕೂಗಳತೆಯ ದೂರವೆನ್ನಬಹುದಾದ ಬೆಲ್ವಿಲ್ಲಿನ ಹೈಸ್ಕೂಲು ಹುಡುಗ ಬ್ರೈಸ್ ಅಂಡರ್‌ವುಡ್ ಲೂಯಿಸಿಯಾನಾಕ್ಕೆ ಹೋಗುವೆನೆಂದು ಮಾತು ಕೊಟ್ಟಿದ್ದವನು, 2024ರ ನವೆಂಬರಿನಲ್ಲಿ ಮನಸ್ಸು ಬದಲಿಸಿ ಮಿಷಿಗನ್ನಿಗೆ ಒಪ್ಪಿದ. ಹದಿನೇಳರ ಆ ಹುಡುಗನಿಗೆ ಸಲ್ಲುವ ಮೊತ್ತ ಒಂದು ಕೋಟಿ ಡಾಲರಿಗೂ ಮೇಲೆಂದು ಪತ್ರಿಕೆಗಳು ಬರೆದವು. ಅವನು ಇನ್ನೂ ಒಂದು ಸಲವೂ ಕಾಲೇಜಿನ ಅಂಗಿ ತೊಟ್ಟಿರಲಿಲ್ಲ. ಇದು ಹೆಸರಿನ ಬೆಲೆಯಲ್ಲ, ಹೆಸರಾಗುವುದರ ಮುಂಗಡ. ಹುಡುಗನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಕೊಡುವವರಿದ್ದಾಗ ಯಾರು ಬೇಡವೆಂದಾರು? ಆದರೆ ಸಂಬಳವನ್ನು ಸಂಬಳವೆಂದು ಕರೆಯಲು ಹಿಂಜರಿಯುವ ಹಳೆಯ ಚಾಳಿ ಇನ್ನೂ ಬಿಟ್ಟಿಲ್ಲವೆಂಬುದು ಇಲ್ಲಿ ಸ್ಪಷ್ಟ.

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ ರಾಜಿಯಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಆಟಗಾರರಿಗೆ ಹಣ ಹಂಚುವ ದಾರಿ ತೆರೆಯಿತು. ಮೊದಲ ವರ್ಷದ ಮಿತಿ ಒಂದೊಂದು ವಿಶ್ವವಿದ್ಯಾಲಯಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರು. 600 ಡಾಲರು ಮೀರಿದ ಹೊರಗಿನ ಒಪ್ಪಂದಗಳನ್ನು ಪರೀಕ್ಷೆಗೆ ಒಪ್ಪಿಸಬೇಕು. ಹಲವು ಕಡೆ ನೂರರಲ್ಲಿ 75 ಪಾಲು ಫುಟ್‌ಬಾಲಿಗೆ, 15 ಪಾಲು ಗಂಡಸರ ಬ್ಯಾಸ್ಕೆಟ್‌ಬಾಲಿಗೆ ಎಂಬ ಲೆಕ್ಕ ರೂಢಿಗೆ ಬಂತು. ಜಿಗಿಯುವ ಹುಡುಗಿಯರು, ಈಜುವವರು, ಓಡುವವರು, ಎಲ್ಲರೂ ಉಳಿದ ಹತ್ತರಲ್ಲಿ ಹಂಚಿಕೊಳ್ಳಬೇಕು.

ಹತ್ತರಲ್ಲೂ ಪಾಲಿಲ್ಲದವರು ಉಂಟು. ಆನ್ ಆರ್ಬರಿನ ಬೀದಿಗಳಲ್ಲಿ ಭಾರತೀಯ ವಿದ್ಯಾರ್ಥಿಗಳು ಹೆಜ್ಜೆಹೆಜ್ಜೆಗೆ ಎದುರಾಗುತ್ತಾರೆ. ಕನ್ನಡವೂ ಕಿವಿಗೆ ಬೀಳುವುದುಂಟು. ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಆವರಣದ ಹೊರಗಿನ ದುಡಿಮೆಗೆ ಬಿಗಿಯಾದ ನಿರ್ಬಂಧವಿದೆ. ಆಟಗಾರರಿಗೂ ಅದು ತಪ್ಪಿದ್ದಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ಪರವಾಗಿ 2007, 2008 ಎರಡೂ ವರ್ಷ ಟೆನಿಸ್ ಪ್ರಶಸ್ತಿ ಗೆದ್ದ ಸೋಮದೇವ ದೇವವರ್ಮನ್ ಕಾಲಕ್ಕೆ ಯಾರಿಗೂ ಬಾಗಿಲು ತೆರೆದಿರಲಿಲ್ಲ. ಕ್ಯಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದ ತೇಜಸ್ವಿನ್ ಶಂಕರ್ ಎತ್ತರ ಜಿಗಿತದಲ್ಲಿ ಎರಡನೆಯ ಸಲ ಗೆದ್ದ 2022ರ ಹೊತ್ತಿಗೆ ಸಹಪಾಠಿಗಳಿಗೆ ಅದು ತೆರೆದಿತ್ತು. ಬೆಂಗಳೂರಿನಿಂದ ಈಜಿಗೋ ಟೆನಿಸ್ಸಿಗೋ ವಿದ್ಯಾರ್ಥಿವೇತನ ಹಿಡಿದು ಹೊರಡುವ ಹುಡುಗಿ ಈ ಮಾತನ್ನು ಮೊದಲೇ ತಿಳಿದಿರುವುದು ಮೇಲು. ಕಾಂಗೋ ದೇಶದ ಆಸ್ಕರ್ ಷೀಬ್ವೆ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರನಂತೂ, ತನ್ನ ಕೆಂಟಕಿ ತಂಡ 2022ರ ಆಗಸ್ಟಿನಲ್ಲಿ ಬಹಾಮಾ ದ್ವೀಪಗಳಿಗೆ ಹೋದಾಗ, ಅಮೆರಿಕದ ಗಡಿಯ ಹೊರಗಿದ್ದ ಆ ಕೆಲವೇ ದಿನಗಳಲ್ಲಿ ಜಾಹೀರಾತಿನ ಕೆಲಸ ಮಾಡಿ ಮುಗಿಸಿದ.

ಇನ್ನೊಂದು ಗುಂಪು ಹಿಂದಿನವರದು. 2025ರ ರಾಜಿಯಲ್ಲಿ ಹಳೆಯ ಅನ್ಯಾಯಕ್ಕೆಂದು 280 ಕೋಟಿ ಡಾಲರನ್ನು ಹತ್ತು ವರ್ಷಗಳಲ್ಲಿ ಕೊಡಲು ಒಪ್ಪಿಗೆಯಾಯಿತು. ಆದರೆ ಅದು 2016ರಿಂದ ಈಚೆಗೆ ಆಡಿದವರಿಗೆ. ರಾಬಿನ್ಸನ್ ಆ ಗೆರೆಯ ಆಚೆಯವನು. 2024ರಲ್ಲಿ ಅವನೂ ಕೆಲವು ಹಳೆಯ ಸಂಗಾತಿಗಳೂ ಬೇರೆಯೇ ದಾವೆ ಹೂಡಿದರು. 1993ರ ಐವರ ಮಾತಂತೂ ಇನ್ನೂ ಆಚೆಯದು.

ನದಿಯನ್ನು ದಾಟಿದರೆ ವಿಶ್ವವಿದ್ಯಾಲಯದ ಉತ್ತರದ ಆವರಣ. ಶನಿವಾರದ ಗದ್ದಲ ಅಲ್ಲಿಗೆ ಮುಟ್ಟುವುದಿಲ್ಲ. ಬೀಲ್ ಅವೆನ್ಯೂವಿನಲ್ಲಿ ಎರಡು ಕಟ್ಟಡಗಳು ಅಕ್ಕಪಕ್ಕದಲ್ಲಿ ನಿಂತಿವೆ. ಒಂದು ಜೆರಾಲ್ಡ್ ಫೋರ್ಡರ ಅಧ್ಯಕ್ಷೀಯ ಗ್ರಂಥಾಲಯ. ಪಾತ್ರೆ ತೊಳೆದ ಆ ಹುಡುಗನ ಕಾಗದಪತ್ರಗಳೆಲ್ಲ ಅಲ್ಲಿವೆ. ಇನ್ನೊಂದು ಬೆಂಟ್ಲಿ ಐತಿಹಾಸಿಕ ಗ್ರಂಥಾಲಯ. ಯೋಸ್ಟನ ಪತ್ರಗಳು, ಕ್ರೀಡಾ ಇಲಾಖೆಯ ಹಳೆಯ ಲೆಕ್ಕಗಳು, ತಂಡಗಳ ಭಾವಚಿತ್ರಗಳು ಅಲ್ಲಿ ಅಚ್ಚುಕಟ್ಟಾಗಿ ಜೋಡಣೆಯಾಗಿವೆ. ಕ್ರಿಸ್ಲರಿನ ಛಾವಣಿಯಿಂದ ಇಳಿದ ಪತಾಕೆಗಳು ಸುರುಳಿ ಸುತ್ತಿಕೊಂಡು ಬಂದು ಸೇರಿದ್ದೂ ಆ ಉಗ್ರಾಣವನ್ನೇ. ಸಂಶೋಧನೆಗೆ ಬಂದ ತರುಣರು ಓದುವ ಕೋಣೆಯಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾರೆ. ಊರೊಳಗೆ ಹೋಗುವ ಬಸ್ಸು ಅಲ್ಲಿಂದ ಅನತಿ ದೂರದಲ್ಲೇ ಸಿಗುತ್ತದೆ.